ಅಮ್ಮಣಿಯ ಗಂಡನ ಇನ್ನೊಂದು ಹೆಸರು

ಆ ದಿನ ಬೆಳಿಗ್ಗೆ ಅಮ್ಮಣಿ ರಬ್ಬರ್ ಹಾಳೆ ಒತ್ತುವ ಯಂತ್ರದ ಹಿಡಿ ತಿರುಗಿಸುತ್ತಿದ್ದಳು. ಗಂಡ ಮೋಹನ ತಟ್ಟೆಗಳಿಂದ ಗಟ್ಟಿಯಾದ ರಬ್ಬರ್ ಹಾಲನ್ನು ಎತ್ತಿ ಒಂದೊಂದಾಗಿ ಯಂತ್ರದ ಬಾಯಿಗೆ ಕೊಡುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಮಾಡಿದ ಕೆಲಸಕ್ಕೆ ಮಾತು ಬೇಕಾಗುವುದಿಲ್ಲ. ತೋಟದ ಮಣ್ಣುರಸ್ತೆಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಅದರಿಂದ ಇಳಿದವರಲ್ಲಿ ಒಬ್ಬ ನಮ್ಮ ಕಡೆಯ ಠಾಣೆಯ ಪೊಲೀಸ ಎಂದು ಅಮ್ಮಣಿಗೆ ಗುರುತು ಸಿಕ್ಕಿತು. ಉಳಿದವರು ಮಾಮೂಲಿ ಅಂಗಿ ಪ್ಯಾಂಟಿನಲ್ಲಿದ್ದರು.

ನಮ್ಮ ಕಡೆಯ ಪೊಲೀಸ ಅಂಗಳದಲ್ಲೇ ನಿಂತು, "ಬಾವಿ ನೀರು ಉಂಟಾ ಅಮ್ಮ, ಕುಡಿಲಿಕ್ಕೆ?" ಎಂದು ಕೇಳಿದ. ಅಮ್ಮಣಿ ಚೊಂಬು ತರಲು ಎದ್ದಳು. ಅಷ್ಟರಲ್ಲಿ ಉಳಿದವರಲ್ಲಿ ವಯಸ್ಸಾದವನೊಬ್ಬ ಮೋಹನನ ಬೆನ್ನ ಹಿಂದೆ ಬಂದು, ಹಳೆಯ ಗೆಳೆಯನನ್ನು ಮಾತಾಡಿಸುವ ಹಾಗೆ ಮೆಲ್ಲಗೆ ಕರೆದ.

"ಪವಿತ್ರಾ."

ಮೋಹನ "ಓ" ಎಂದು ತಿರುಗಿದ.

ತಿರುಗಿದ ಮೇಲೆ ಅವನಿಗೆ ತಾನು ಮಾಡಿದ್ದೇನು ಎಂದು ಗೊತ್ತಾಯಿತು. ಕೈಯಲ್ಲಿದ್ದ ಹಸಿ ಹಾಳೆ ಜಾರಿ ನೆಲಕ್ಕೆ ಬಿತ್ತು. ಅವನು ಓಡಲಿಲ್ಲ, ಕೂಗಲಿಲ್ಲ. ಕೈಯನ್ನು ಲುಂಗಿಗೆ ಒರೆಸಿಕೊಂಡು, ಹೆಂಡತಿಯ ಕಡೆ ನೋಡದೆ ಎರಡೂ ಕೈ ಮುಂದೆ ಚಾಚಿದ. ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮಣಿ, "ಇವರ ಹೆಸರು ಮೋಹನ ಅಂತ, ನಿಮಗೆ ತಪ್ಪಾಗಿದೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಆದರೆ ಅವಳು ಇದನ್ನು ಹೇಳುತ್ತಿದ್ದುದು ಪೊಲೀಸರಿಗಲ್ಲ, ಗಂಡನಿಗೆ. ಆ "ಓ" ಎಂಬ ಸದ್ದನ್ನು ಅವಳು ಕೇಳಿಯಾಗಿತ್ತು. ಯಾರು ಯಾವತ್ತು ಮೋಹನ ಎಂದು ಕರೆದಾಗಲೂ ಅವನು ಅಷ್ಟು ಬೇಗ ತಿರುಗಿದ್ದಿಲ್ಲ.

ಕೊಕ್ಕಡದ ಪಾರ್ಶ್ವನಾಥ ಧಣಿಗಳ ರಬ್ಬರ್ ತೋಟದಲ್ಲಿ ಅಮ್ಮಣಿ ಹದಿನೈದರ ಹುಡುಗಿಯಾಗಿದ್ದಾಗಿನಿಂದ ಹಾಲು ಎತ್ತುವ ಕೆಲಸ ಮಾಡುತ್ತಿದ್ದಳು. ಚಿಕ್ಕವಳಿದ್ದಾಗ ಬಚ್ಚಲ ಹಂಡೆಯ ಕುದಿನೀರು ಬಿದ್ದು ಎಡಗಡೆ ಕುತ್ತಿಗೆಯಿಂದ ಭುಜದವರೆಗೆ ಸುಟ್ಟ ಕಲೆ ಉಳಿದಿತ್ತು. ನೋಡಲು ಬಂದ ಗಂಡುಗಳು ಚಹಾ ಕುಡಿದು ಹೋಗಿ ಮತ್ತೆ ಸುದ್ದಿ ಕಳಿಸುತ್ತಿರಲಿಲ್ಲ. ಅಣ್ಣ ರುಕ್ಮಯ್ಯನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಇದ್ದ ದಿನಗಳವು. ಹಾಗಿರುವಾಗ ತೋಟಕ್ಕೆ ಮರ ಕೆತ್ತಿ ಹಾಲು ಇಳಿಸುವ ಹೊಸ ಟ್ಯಾಪರ್ ಬಂದ. ಹೆಸರು ಮೋಹನ, ಊರು ವಯನಾಡಿನ ಕಡೆ, ಅಪ್ಪ ಅಮ್ಮ ಇಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ. ಮರಕ್ಕೆ ಪೆಟ್ಟಾಗದ ಹಾಗೆ ತೊಗಟೆ ಕೆತ್ತುತ್ತಿದ್ದ. ಕುಡಿಯುತ್ತಿರಲಿಲ್ಲ. ಕುಡಿಯದ ಟ್ಯಾಪರ್ ಎಂದರೆ ನಮ್ಮ ಕಡೆ ಎಲ್ಲರೂ ಎರಡು ಸಲ ನೋಡುತ್ತಾರೆ.

ಅವನೇ ಒಂದು ದಿನ ರುಕ್ಮಯ್ಯನ ಅಂಗಳಕ್ಕೆ ಬಂದು ಕೇಳಿದ. "ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಅಮ್ಮಣಿಯನ್ನು ಕೊಟ್ಟರೆ ಚೆನ್ನಾಗಿ ನೋಡಿಕೊಳ್ತೇನೆ." ರುಕ್ಮಯ್ಯ ವಿಚಾರಿಸಲು ಯಾರನ್ನೂ ಕಳಿಸಲಿಲ್ಲ. ಯಾರ ಹತ್ತಿರ ವಿಚಾರಿಸುವುದು? ಸೌತಡ್ಕದ ಗಣಪನ ಎದುರು ತಾಳಿ ಕಟ್ಟಿದ್ದಾಯಿತು. ಧಣಿಗಳ ಹೆಂಡತಿ ಪ್ರಭಾವತಿಯಮ್ಮ ಸೀರೆ ಕೊಟ್ಟರು. ತೋಟದ ಸಾಲುಮನೆಗಳಲ್ಲಿ ಒಂದು ಅವರದಾಯಿತು. ಮುಂದೆ ಆಧಾರ್ ಮಾಡಿಸುವಾಗ ಧಣಿಗಳೇ ಜೊತೆಗೆ ಹೋಗಿ, "ಇವ ನಮ್ಮ ತೋಟದವ, ನನಗೆ ಗೊತ್ತುಂಟು" ಎಂದು ಹೇಳಿ ಬಂದರು. ಮೋಹನನಿಗೆ ಹೆಸರು ಗಟ್ಟಿಯಾಯಿತು.

ಚೆನ್ನಾಗಿ ನೋಡಿಕೊಳ್ತೇನೆ ಎಂದಿದ್ದ, ನೋಡಿಕೊಂಡ. ಇದನ್ನು ಅಮ್ಮಣಿ ಈಗಲೂ ಅಲ್ಲಗಳೆಯುವುದಿಲ್ಲ. ಅವಳ ಬಾಣಂತನದಲ್ಲಿ ನೀರು ಕಾಯಿಸಿದವನು ಅವನು. ಮಗಳು ವಿಸ್ಮಿತಾಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವನು ಅವನು. ಸಿಟ್ಟು ಬರುತ್ತಿತ್ತು, ಬರುವುದು ಮುಖದಲ್ಲಿ ಕಾಣುತ್ತಿತ್ತು. ಆಗ ಅವನು ಮಾತಿಲ್ಲದೆ ಹೊರಗೆ ಹೋಗಿ ಯಾವುದಾದರೂ ಒಂದು ಮರದ ಬುಡದಲ್ಲಿ ನಿಂತು ತೊಗಟೆಗೆ ಅಂಟಿ ಒಣಗಿದ ಹಾಲಿನ ಎಳೆಗಳನ್ನು ಎಳೆದು ತೆಗೆಯುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಬಂದು ಊಟಕ್ಕೆ ಕೂರುತ್ತಿದ್ದ. ಪಕ್ಕದ ಮನೆಯ ಹೆಂಗಸರು ಗಂಡಂದಿರ ಪೆಟ್ಟು ತಿಂದು ಬಂದು ಅವಳ ಹತ್ತಿರ ಅಳುವಾಗ, ಅಮ್ಮಣಿ ಒಳಗೊಳಗೇ ತನ್ನ ಅದೃಷ್ಟಕ್ಕೆ ಕೈ ಮುಗಿಯುತ್ತಿದ್ದಳು.

ವಿಚಿತ್ರಗಳೂ ಇದ್ದವು. ಮದುವೆ ಮುಂಜಿಗಳಲ್ಲಿ ಫೋಟೋ ತೆಗೆಯುವಾಗ ಅವನು ಊಟದ ಚಪ್ಪರದ ಹಿಂದೆ ಪಾತ್ರೆ ತೊಳೆಯುವವರ ಜೊತೆ ಇರುತ್ತಿದ್ದ. ಕನ್ಯಾನದಲ್ಲಿ ಅಮ್ಮಣಿಯ ಚಿಕ್ಕಮ್ಮನ ಮನೆ ಇತ್ತು. ಅಲ್ಲಿಂದ ಕೇರಳದ ಗಡಿ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಗೆ ಎಷ್ಟು ಕರೆದರೂ ಬರಲಿಲ್ಲ. ಬಸ್ಸಿನಲ್ಲಿ ವಾಂತಿ ಆಗ್ತದೆ ಎನ್ನುತ್ತಿದ್ದ. ಗಂಡಸು ಹೀಗೆ ನಾಚುತ್ತಾನಲ್ಲ ಎಂದು ಅಮ್ಮಣಿ ನಕ್ಕಿದ್ದೂ ಉಂಟು.

ವಿಸ್ಮಿತಾ ಉಜಿರೆಯ ಕಾಲೇಜಿಗೆ ಹೋಗತೊಡಗಿದ ಮೇಲೆ ಮೊಬೈಲು ಬಂತು. ಒಂದು ಭಾನುವಾರ ಅಪ್ಪ ಅಂಗಳದಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದ. ಅವನ ಎಡಗೈಯ ಎರಡು ಬೆರಳು ಮೊದಲಿನಿಂದಲೂ ಇರಲಿಲ್ಲ. ಆದರೂ ಮೇಣ ಅಂಟದ ಹಾಗೆ, ಒಂದು ಸೊಳೆಯೂ ಹಾಳಾಗದ ಹಾಗೆ ಬಿಡಿಸುವುದು ನೋಡಲು ಚಂದ. ಅವಳು ಅವನಿಗೆ ತಿಳಿಯದ ಹಾಗೆ ಅದನ್ನು ಚಿತ್ರೀಕರಿಸಿ, ಹಾಡು ಸೇರಿಸಿ, ನನ್ನ ಅಪ್ಪ ಎಂದು ಬರೆದು ರೀಲ್ ಹಾಕಿದಳು. ಕೊನೆಯಲ್ಲಿ ಅವನು ತಲೆಯೆತ್ತಿ ಮಗಳನ್ನು ನೋಡಿ ನಗುತ್ತಾನೆ. ಆ ರೀಲ್ ಊರು ಬಿಟ್ಟು ಹೋಯಿತು. ಗಲ್ಫಿನ ಕೋಣೆಗಳಲ್ಲಿ ಮಲಗಿ ಮೊಬೈಲ್ ನೋಡುವವರಿಗೆ ಹಲಸಿನ ಹಣ್ಣು ಎಂದರೆ ಸಾಕಲ್ಲ.

ಮೋಹನ ಅದನ್ನು ಕಂಡದ್ದು ಕೆಲವು ದಿನ ಕಳೆದ ಮೇಲೆ. "ಅದನ್ನು ತೆಗಿ" ಎಂದ.

"ಎಂತಕ್ಕೆ ಪಪ್ಪ? ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ!"

"ತೆಗಿ ಮಗಾ" ಎಂದು ಇನ್ನೊಮ್ಮೆ ಹೇಳಿ ಹೊರಗೆ ಹೋದ. ಆ ಹೊತ್ತಿಗೆ ದುಬೈಯಲ್ಲಿ ಡ್ರೈವರ್ ಕೆಲಸ ಮಾಡುವ ಒಬ್ಬ ಮನುಷ್ಯ ಆ ನಗುವನ್ನೂ ಆ ಕೈಯನ್ನೂ ನೋಡಿ, ಹಾಸಿಗೆಯಿಂದ ಎದ್ದು ಕೂತು, ಊರಿಗೆ ಫೋನು ಮಾಡಿಯಾಗಿತ್ತು. ಅವನು ಪ್ರಸೀತಾ ಎಂಬವಳ ತಮ್ಮ.

ಪ್ರಸೀತಾ ಯಾರೆಂದು ಅಮ್ಮಣಿಗೆ ಗೊತ್ತಾದದ್ದು ಠಾಣೆಯ ಬೆಂಚಿನಲ್ಲಿ. ಪಯ್ಯನ್ನೂರಿನ ಆಚೆ ಒಂದು ಹಳ್ಳಿಯಲ್ಲಿ ಪವಿತ್ರನ್ ಎಂಬವನ ಹೆಂಡತಿ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅವಳನ್ನು ಹೊಡೆದು, ಅಡುಗೆಮನೆಯ ಅರೆಯುವ ಕಲ್ಲಿಗೆ ತಲೆ ಅಪ್ಪಳಿಸಿ ಕೊಂದ ಆರೋಪ ಅವನ ಮೇಲಿತ್ತು. ಜಾಮೀನಿನಲ್ಲಿ ಹೊರಬಂದವನು ವಿಚಾರಣೆ ಶುರುವಾಗುವ ಮೊದಲೇ ಕಾಣೆಯಾದ. ಅದಾಗಿ ಇಪ್ಪತ್ತೊಂದು ವರ್ಷ.

ಅಂಗಳದಲ್ಲಿ ಆ ಹೆಸರು ಕರೆದ ಕೇರಳದ ಅಧಿಕಾರಿ ಅವಳನ್ನು ಕೇಳಿದ. "ನಿನಗೆ ಗೊತ್ತಿತ್ತಾ?"

"ಇಲ್ಲ."

"ಇಷ್ಟು ವರ್ಷ ಒಂದೇ ಮನೆಯಲ್ಲಿ. ಏನೂ ಗೊತ್ತಿರಲಿಲ್ಲ?"

ತೋಟದ ಮಲಯಾಳಿ ಹೆಂಗಸರ ಜೊತೆ ಕೆಲಸ ಮಾಡಿ ಅವಳಿಗೆ ಆ ಭಾಷೆ ಬರುತ್ತಿತ್ತು. ಅದರಲ್ಲೇ "ಇಲ್ಲ ಸಾರ್" ಎಂದು ಇನ್ನೊಮ್ಮೆ ಹೇಳಿದಳು. ಕೊಲೆ ಆರೋಪಿಯನ್ನು ಅಡಗಿಸಿ ಇಟ್ಟುಕೊಳ್ಳುವುದೂ ಅಪರಾಧ ಎಂದು ಅವನು ಹೇಳಿದ. ಕೊನೆಗೆ ಅವಳ ಮೇಲೆ ಕೇಸು ಹಾಕಲಿಲ್ಲ. ಹೇಳಿಕೆ ಬರೆಸಿಕೊಂಡು ಬಿಟ್ಟರು.

ಬಿಟ್ಟರೂ ಹೋಗಲು ಜಾಗ ಉಳಿದಿರಲಿಲ್ಲ. ಪಾರ್ಶ್ವನಾಥ ಧಣಿಗಳನ್ನೂ ಪೊಲೀಸರು ವಿಚಾರಿಸಿದ್ದರು. ಊರಲ್ಲಿ ಅವರ ಮಾತು ಎಂದರೆ ಮಾತು, ಬಸದಿಯ ಆಡಳಿತ ಅವರದು. ಅವರು ಜಗಲಿಯಲ್ಲಿ ಕೂತು, ಅಮ್ಮಣಿಯನ್ನು ಅಂಗಳದಲ್ಲಿ ನಿಲ್ಲಿಸಿ, ಬೇಸರದಿಂದಲೇ ಹೇಳಿದರು. "ನಾನು ಅವನಿಗೆ ಜವಾಬು ನಿಂತವ, ಅಮ್ಮಣಿ. ಈಗ ಜನ ನನ್ನನ್ನು ಕೇಳ್ತಾರೆ. ನೀವು ಆ ಮನೆಯಲ್ಲಿ ಇರುವುದು ಸರಿಯಾಗುವುದಿಲ್ಲ."

"ಧಣಿಗಳೇ, ನಾನೇ ಟ್ಯಾಪಿಂಗ್ ಮಾಡ್ತೇನೆ. ಅವರಿಗಿಂತ ಮುಂಚೆಯಿಂದ ನಾನು ನಿಮ್ಮ ತೋಟದಲ್ಲಿ ಇದ್ದವಳು."

"ಗೊತ್ತುಂಟು." ಅವರು ಬೇರೆ ಕಡೆ ನೋಡಿದರು. "ಆದರೂ ಬೇಡ."

ಮಗಳ ಸ್ಥಿತಿ ಇನ್ನೂ ಕೆಟ್ಟಿತ್ತು. ಅವಳ ರೀಲನ್ನೇ ಕೆಲವರು ಎತ್ತಿ, ಅಪ್ಪನ ಮುಖಕ್ಕೆ ಕೆಂಪು ವೃತ್ತ ಎಳೆದು, ಹೆಂಡತಿಯನ್ನು ಕೊಂದ ಕೈ ಎಂದು ಬರೆದು ಎಲ್ಲ ಕಡೆ ಹರಿಬಿಟ್ಟಿದ್ದರು. ವಿಸ್ಮಿತಾ ಕಾಲೇಜಿಗೆ ಹೋಗುವುದನ್ನು ಬಿಟ್ಟಳು, ತಿನ್ನುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಎಲ್ಲೂ ಕಾಣಲಿಲ್ಲ. ಅಮ್ಮಣಿ ಬಾವಿಗೆ ಬಗ್ಗಿ ನೋಡಿದಳು, ಕೆರೆಯ ಹತ್ತಿರ ಓಡಿದಳು, ಹೆಸರು ಕೂಗುತ್ತಾ ಮರಗಳ ಸಾಲಿನಲ್ಲೆಲ್ಲ ಓಡಾಡಿದಳು. ಕೊನೆಗೆ ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯ ಬಾಗಿಲು ಒಳಗಿನಿಂದ ಹಾಕಿರುವುದು ಕಂಡಿತು. ಭುಜದಿಂದ ಗುದ್ದಿ ಬಾಗಿಲು ಕಿತ್ತು ಒಳಗೆ ನುಗ್ಗಿದಳು. ಹುಡುಗಿ ನೇತುಹಾಕಿದ ಹಾಳೆಗಳ ಕೆಳಗೆ ಮೊಣಕಾಲಿಗೆ ತಲೆಯಿಟ್ಟು ಕೆಮ್ಮುತ್ತಾ ಕೂತಿದ್ದಳು. ಎಳೆದು ಹೊರಗೆ ತಂದು, ನೀರು ಹಾಕಿ, ಕೆನ್ನೆಗೆ ಒಂದು ಬಾರಿಸಿ, ಆಮೇಲೆ ತಾನೇ ಅತ್ತಳು.

"ನಾನು ಹಾಕಿದ್ದಕ್ಕೆ ಪಪ್ಪನನ್ನು ಹಿಡಿದದ್ದು" ಎಂದಳು ವಿಸ್ಮಿತಾ. ಮುಖ ಒರೆಸಿಕೊಂಡು, "ನಾನು ಹಾಕದಿದ್ದರೆ ಅವ ಹೀಗೆಯೇ ನಮ್ಮ ಜೊತೆ ಇರ್ತಿದ್ದ. ಅದೂ ನನಗೆ ಈಗ ಹೆದರಿಕೆ ಆಗ್ತದೆ, ಅಮ್ಮ. ಯಾವುದಕ್ಕೆ ಅಳುವುದು ಅಂತ ಗೊತ್ತಾಗುವುದಿಲ್ಲ" ಎಂದಳು.

ಅಮ್ಮಣಿಗೂ ಗೊತ್ತಿರಲಿಲ್ಲ. ಇಬ್ಬರೂ ರುಕ್ಮಯ್ಯನ ಮನೆಗೆ ಹೋದರು. ಅತ್ತಿಗೆ ಬಾಗಿಲು ತೆರೆದಳು, ಬಾಯಿ ತೆರೆಯಲಿಲ್ಲ. ದನದ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ ಚಾಪೆ ಹಾಸಿಕೊಂಡರು.

ಅಮ್ಮಣಿ ಜೈಲಿಗೆ ಹೋದದ್ದು ಅಣ್ಣ ಬೇಡವೆಂದರೂ ಕೇಳದೆ. ಮಂಗಳೂರಿಗೆ ಬಸ್ಸು, ಅಲ್ಲಿಂದ ರೈಲು. ಅವನು ಇಷ್ಟು ವರ್ಷ ದಾಟದ ಗಡಿಯನ್ನು ರೈಲು ಯಾವಾಗ ದಾಟಿತೆಂದೂ ತಿಳಿಯಲಿಲ್ಲ. ಜಾಲರಿಯ ಆಚೆ ಬಂದು ನಿಂತವನು ಒಂದೇ ತಿಂಗಳಿಗೆ ಮುದುಕನಾಗಿದ್ದ.

"ವಿಸ್ಮಿತಾ ಕಾಲೇಜಿಗೆ ಹೋಗ್ತಾಳಾ?" ಅವನು ಮೊದಲು ಕೇಳಿದ್ದು ಅದು.

"ನೀವು ಮಾಡಿದ್ದು ಹೌದಾ?" ಅವಳು ಕೇಳಿದ್ದು ಇದು.

ಅವನು ಜಾಲರಿಯನ್ನು ನೋಡುತ್ತಾ ಹೇಳಿದ. "ಸಿಟ್ಟಿನಲ್ಲಿ ದೂಡಿದೆ. ತಲೆ ಕಲ್ಲಿಗೆ ಬಡಿಯಿತು."

"ಎಂತಕ್ಕೆ?"

"ಅನ್ನ ಸೀದು ಹೋಗಿತ್ತು." ಮತ್ತೆ ತಲೆ ತಗ್ಗಿಸಿ, "ಆಗ ನಾನು ಕುಡಿಯುತ್ತಿದ್ದೆ" ಎಂದ.

ಅನ್ನ ಸೀಯುವುದು ಅಮ್ಮಣಿಯ ಮನೆಯಲ್ಲಿ ಹೊಸದಲ್ಲ. ಮರದಿಂದ ಮರಕ್ಕೆ ಓಡಾಡುವ ಕೆಲಸದ ನಡುವೆ ಒಲೆ ಮರೆತುಹೋಗುತ್ತಿತ್ತು. ಅವನು ಏನೂ ಹೇಳದೆ ಮೇಲಿನ ಅನ್ನ ಮಗಳಿಗೆ ಬಡಿಸಿ, ತಳದ ಕರಿಯನ್ನು ತಾನು ತಿನ್ನುತ್ತಿದ್ದ. ಎಷ್ಟು ಒಳ್ಳೆಯವರು ಎಂದುಕೊಂಡಿದ್ದ ಆ ಊಟಗಳೆಲ್ಲ ಒಟ್ಟಿಗೆ ಅವಳಿಗೆ ನೆನಪಾದವು. ಆದರೂ ಹೊರಡುವಾಗ ಅವನು, "ಅಮ್ಮಣೀ, ನನ್ನನ್ನು ಹೇಗಾದರೂ ಹೊರಗೆ ತೆಗಿ" ಎಂದು ಜಾಲರಿಗೆ ಬೆರಳು ತುರುಕಿದಾಗ, ಅವಳು ಆ ಬೆರಳುಗಳನ್ನು ಮುಟ್ಟಿದಳು. ಮುಟ್ಟದೆ ಇರಲು ಅವಳಿಂದ ಆಗಲಿಲ್ಲ.

ವಕೀಲರು ಕಾಸರಗೋಡಿನ ಕಡೆಯವರು, ಕನ್ನಡ ಬರುತ್ತಿತ್ತು. ಅವರು ದಾರಿ ಹೇಳಿದರು. "ಇಪ್ಪತ್ತು ವರ್ಷ ಒಂದು ತಕರಾರಿಲ್ಲದೆ ಬದುಕಿದ್ದಾನೆ. ಹೆಂಡತಿಯಾಗಿ ನೀವು ಒಂದು ಪ್ರಮಾಣಪತ್ರ ಕೊಡಿ. ನನ್ನ ಮೇಲೆ ಒಮ್ಮೆಯೂ ಕೈ ಮಾಡಿದವನಲ್ಲ ಅಂತ. ಸಾಕ್ಷಿಗಳಲ್ಲಿ ಅರ್ಧ ಜನ ತೀರಿಹೋಗಿದ್ದಾರೆ. ಜಾಮೀನು ಸಿಗುವ ಆಸೆ ಉಂಟು."

ಸುಳ್ಳೇನೂ ಹೇಳಬೇಕಾಗಿರಲಿಲ್ಲ. ಅವಳು ಒಪ್ಪಿದಳು. ಅವನು ಹೊರಗೆ ಬಂದರೆ ಏನು ಮಾಡುವುದು, ಒಂದೇ ಕೋಣೆಯಲ್ಲಿ ಮಲಗುವುದು ಹೇಗೆ, ಮಗಳು ಏನೆನ್ನುತ್ತಾಳೆ, ಯಾವುದನ್ನೂ ಯೋಚಿಸುವ ಶಕ್ತಿ ಉಳಿದಿರಲಿಲ್ಲ. ಮುಳುಗುವವಳಿಗೆ ಏನು ಸಿಕ್ಕಿದರೂ ಹಿಡಿಯುವುದೊಂದೇ ಕೆಲಸ.

ಜಾಮೀನು ಅರ್ಜಿಯ ದಿನ ಅವಳು ಕೋರ್ಟಿನ ಉದ್ದನೆಯ ವರಾಂಡದಲ್ಲಿ ಒಬ್ಬಳೇ ಕೂತಿದ್ದಳು. ವಕೀಲರು ಟೈಪು ಮಾಡಿಸಿದ ಕಾಗದ ತರಲು ಹೋಗಿದ್ದರು. ಎದುರಿನ ಬೆಂಚಿನಲ್ಲಿದ್ದ ಬಿಳಿ ಮುಂಡಿನ ಮುದುಕಿಯೊಬ್ಬಳು ಬಹಳ ಹೊತ್ತಿನಿಂದ ಇವಳನ್ನೇ ನೋಡುತ್ತಿದ್ದಳು. ಎದ್ದು, ಗೋಡೆ ಹಿಡಿದುಕೊಂಡು ಹತ್ತಿರ ಬಂದಳು. ಪ್ರಸೀತಾಳ ತಾಯಿ ಕಾರ್ತ್ಯಾಯಿನಿ.

"ಪವಿತ್ರನ ಈಗಿನವಳು ನೀನಾ?" ಮಲಯಾಳದಲ್ಲಿ ಕೇಳಿದಳು.

ಅಮ್ಮಣಿ ಎದ್ದು ನಿಂತಳು. "ಹೌದಮ್ಮಾ."

"ಮಕ್ಕಳು?"

"ಒಬ್ಬಳು ಮಗಳು."

ಮುದುಕಿ ಅಮ್ಮಣಿಯ ಕುತ್ತಿಗೆಯ ಕಲೆಯತ್ತ ಕೈ ಚಾಚಿದಳು. "ಇದು ಅವನು ಮಾಡಿದ್ದಾ?"

"ಅಲ್ಲ, ಅಲ್ಲ. ಚಿಕ್ಕವಳಿದ್ದಾಗ ಬಿಸಿನೀರು ಬಿದ್ದದ್ದು."

"ನಿನಗೆ ಹೊಡೆಯುತ್ತಿದ್ದನಾ?"

ತನ್ನ ಉತ್ತರದಿಂದ ಈ ತಾಯಿಗೆ ಒಂದಿಷ್ಟು ಸಮಾಧಾನವಾದೀತು ಎಂದೇ ಅಮ್ಮಣಿಗೆ ಅನಿಸಿತ್ತು. ಮನುಷ್ಯ ಬದಲಾಗಿದ್ದಾನೆ, ಪಶ್ಚಾತ್ತಾಪ ಪಟ್ಟಿದ್ದಾನೆ ಎಂದು ತಿಳಿದರೆ ಒಳ್ಳೆಯದಲ್ಲವೇ? "ಇಲ್ಲಮ್ಮಾ. ಒಂದು ದಿನವೂ ಇಲ್ಲ" ಎಂದಳು.

ಕಾರ್ತ್ಯಾಯಿನಿ ಅವಳನ್ನೇ ನೋಡಿದಳು.

"ಹಾಗಾದರೆ ಹೊಡೆಯದೆ ಇರಲು ಅವನಿಗೆ ಗೊತ್ತಿತ್ತು."

ಅಷ್ಟು ಹೇಳಿ ಮತ್ತೆ ಗೋಡೆ ಹಿಡಿದುಕೊಂಡು ಹೋಗಿ ತನ್ನ ಬೆಂಚಿನಲ್ಲಿ ಕೂತಳು. ಅಳಲಿಲ್ಲ. ಅಮ್ಮಣಿ ನಿಂತೇ ಇದ್ದಳು. ಮುದುಕಿ ಶಾಪ ಹಾಕಿದ್ದರೆ, ಉಗುಳಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತಿನ ಎದುರು ಅವಳ ಇಪ್ಪತ್ತು ವರ್ಷದ ಸಂಸಾರವೇ ಇನ್ನೊಬ್ಬಳಿಂದ ಕಿತ್ತುಕೊಂಡದ್ದು ಎಂಬಂತಾಯಿತು. ಮರದ ಬುಡಕ್ಕೆ ಹೋಗಿ ನಿಲ್ಲುವ ಅಷ್ಟು ಸಣ್ಣ ಕೆಲಸವನ್ನು ಅವನು ಪ್ರಸೀತಾಳಿಗಾಗಿ ಒಮ್ಮೆ ಮಾಡಿದ್ದರೆ ಸಾಕಿತ್ತು.

ವಕೀಲರು ಕಾಗದ ತಂದರು. ಅಮ್ಮಣಿ, "ಹೊಡೆದಿಲ್ಲ ಅಂತ ಬರೆದದ್ದನ್ನು ತೆಗೆದುಬಿಡಿ" ಎಂದಳು.

"ಅದು ಸುಳ್ಳಾ?"

"ಸತ್ಯವೇ."

"ಮತ್ತೆ? ಅದನ್ನು ತೆಗೆದರೆ ಇದರಲ್ಲಿ ಎಂತ ಉಳೀತದೆ?"

"ನನಗೆ ಅದಕ್ಕೆ ಸಹಿ ಹಾಕ್ಲಿಕ್ಕೆ ಆಗುವುದಿಲ್ಲ, ಸಾರ್."

ವಕೀಲರು ಸಿಟ್ಟಾದರು, ಬುದ್ಧಿ ಹೇಳಿದರು, ಗಡಿಯಾರ ನೋಡಿದರು. ಬಾಗಿಲಾಚೆಯಿಂದ ಕೇಸಿನ ನಂಬರು ಕೂಗಿದಾಗ ಒಬ್ಬರೇ ಒಳಗೆ ಹೋದರು. ಜಾಮೀನು ಸಿಗಲಿಲ್ಲ. ಪೊಲೀಸರು ಕರೆದುಕೊಂಡು ಹೋಗುವಾಗ ಮೋಹನ ಅಮ್ಮಣಿಯ ಕಡೆ ತಿರುಗಿ, "ನೀನೂ ಹೀಗೆ ಮಾಡಿದೆಯಾ?" ಎಂದು ಕೂಗಿದ. ಅವಳ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. ಆ ದನಿ ಕೇಳಿದ್ದೇ, ಪ್ರಸೀತಾ ಹೇಗೆ ಹೆದರಿರಬೇಕು ಎಂಬುದು ಅವಳಿಗೆ ಗೊತ್ತಾಯಿತು. ಸರಿ ಮಾಡಿದೆನೆಂಬ ಧೈರ್ಯ ಅವಳಿಗೆ ಆವತ್ತೂ ಇರಲಿಲ್ಲ.

ವಿಚಾರಣೆಯಲ್ಲಿ ಕಾರ್ತ್ಯಾಯಿನಿ ಸಾಕ್ಷಿ ಹೇಳಿದಳು. ಆ ದಿನ ಮಗಳನ್ನು ನೋಡಲು ಹೋದವಳು ಅಂಗಳಕ್ಕೆ ಕಾಲಿಡುವಾಗ ಒಳಗಿನಿಂದ ಒಂದು ಸಲವಲ್ಲ, ಹಲವು ಸಲ ಸದ್ದು ಕೇಳಿತ್ತು. ಮರಣೋತ್ತರ ಪರೀಕ್ಷೆಯ ವರದಿಯೂ ಅದನ್ನೇ ಹೇಳುತ್ತಿತ್ತು. ದೂಡಿದೆ ಎಂದು ಅವನು ಜಾಲರಿಯ ಆಚೆಯಿಂದ ಹೇಳಿದ್ದೂ ಸುಳ್ಳು. ಜೀವಾವಧಿ ಶಿಕ್ಷೆಯಾಯಿತು. ಸುದ್ದಿ ತಂದವನು ರುಕ್ಮಯ್ಯ. ತಂಗಿ ನೆಲ ಒರೆಸುತ್ತಿದ್ದಳು. ಕೇಳಿ, ಬಟ್ಟೆ ಹಿಂಡಿ, ಉಳಿದ ನೆಲವನ್ನೂ ಒರೆಸಿದಳು. ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಕೂತವಳು ಸಂಜೆಯವರೆಗೆ ಏಳಲಿಲ್ಲ.

ಈಗ ತಾಯಿ ಮಗಳು ಮೂಡುಬಿದಿರೆಯಲ್ಲಿ ಇದ್ದಾರೆ. ಪ್ರಭಾವತಿಯಮ್ಮ ಗಂಡನಿಗೆ ಹೇಳದೆ ತವರಿನ ಕಡೆಯವರಿಗೆ ಫೋನು ಮಾಡಿ, ಗೇರುಬೀಜದ ಕಾರ್ಖಾನೆಯಲ್ಲಿ ಅಮ್ಮಣಿಗೆ ಕೆಲಸ ಕೊಡಿಸಿದರು. ಗೇರುಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಕಪ್ಪಾಗಿವೆ. ವಿಸ್ಮಿತಾ ಬಟ್ಟೆ ಅಂಗಡಿಯೊಂದರಲ್ಲಿ ನಿಲ್ಲುತ್ತಾಳೆ, ಮನೆಯಲ್ಲೇ ಓದಿ ಡಿಗ್ರಿ ಪರೀಕ್ಷೆಗೆ ಕಟ್ಟಿದ್ದಾಳೆ. ಅವಳ ಮೊಬೈಲಿನಲ್ಲಿ ಈಗ ಒಂದು ಫೋಟೋವೂ ಇಲ್ಲ. ಬಾಡಿಗೆ ಕೋಣೆಯಲ್ಲಿ ಅಪ್ಪನ ಮಾತು ಬರುವುದಿಲ್ಲ. ಪಕ್ಕದ ಮನೆಯವರಿಗೆ ಅಮ್ಮಣಿ ಮೊದಮೊದಲು ಗಂಡ ಊರಲ್ಲಿದ್ದಾರೆ ಎನ್ನುತ್ತಿದ್ದಳು. ಆಮೇಲೆ ಸುಳ್ಳು ಹೆಸರಿನ ಜೊತೆ ಬಾಳಿ ಸಾಕಾಗಿದೆ ಎನಿಸಿ, ಜೈಲಲ್ಲಿದ್ದಾರೆ ಎಂದು ಹೇಳಿಬಿಟ್ಟಳು. ಕೆಲವರು ಮಾತು ಬಿಟ್ಟರು.

ಕೆಲವು ಶನಿವಾರ ಜೈಲಿನಿಂದ ಫೋನು ಬರುತ್ತದೆ. ಒಮ್ಮೊಮ್ಮೆ ಅವಳು ಎತ್ತುತ್ತಾಳೆ. "ಊಟ ಆಯ್ತಾ?" ಎನ್ನುತ್ತಾನೆ. "ಆಯ್ತು" ಎನ್ನುತ್ತಾಳೆ. ಅವನು ಅತ್ತರೆ ಇವಳಿಗೂ ಅಳು ಬರುತ್ತದೆ, ಮರುಕ್ಷಣ ತನ್ನ ಮೇಲೆ ಹೇಸಿಗೆ ಬರುತ್ತದೆ. ಒಮ್ಮೊಮ್ಮೆ ಎತ್ತುವುದಿಲ್ಲ. ಮೊನ್ನೆ ಹಾಗೆ ಎತ್ತದೆ, ಫೋನನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ನೋಡುತ್ತಾ ಕೂತಳು. ಅದು ಹೊಡೆದುಕೊಂಡು ನಿಂತಿತು. ವಿಸ್ಮಿತಾ ತಟ್ಟೆ ತಂದು ಇಬ್ಬರಿಗೂ ಅನ್ನ ಹಾಕಿದಳು. ಅಮ್ಮಣಿ ಫೋನನ್ನು ಅಲ್ಲೇ ಬಿಟ್ಟು ಊಟಕ್ಕೆ ಕೂತಳು.